ಗೋಡೆ ದಾಟಿ ಬಂದ ನೀಲಿ ನೀರು

ದೊಡ್ಡ ಸೊಸೆ ಬಟ್ಟೆಯನ್ನು ಮೂರನೇ ಸಲ ಜಾಲಾಡಿ, ಆ ನೀರನ್ನು ಚೆಲ್ಲದೆ ಬಕೆಟ್ಟಿಗೆ ಸುರಿಯುತ್ತಿದ್ದಾಗ ಗೋಡೆಯಾಚೆ ಮತ್ತೆ ಪೈಪಿನ ಸದ್ದು ಕೇಳಿಸಿತು. ವಾರಗಿತ್ತಿ ಗಿಡಗಳಿಗೆ ನೀರು ಬಿಡುತ್ತಿದ್ದಳು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದರು. ಬೋರ್‌ವೆಲ್ಲಿಗೆ ಗೋಡೆ ಉಂಟೇ? ಅದು ಎರಡು ಮನೆಗೂ ಒಂದೇ. ಈ ಬೇಸಿಗೆಯಲ್ಲಿ ಮಧ್ಯಾಹ್ನವಾಗುತ್ತಲೇ ಬರೀ ಗಾಳಿ ಉಗುಳುತ್ತಿತ್ತು.

"ನೀನು ಚೊಂಬಲ್ಲಿ ಉಳಿಸು, ಅವಳು ಕೊಡದಲ್ಲಿ ಸುರೀಲಿ," ಎಂದು ಗಂಡ ಬಾಗಿಲಲ್ಲಿ ನಿಂತು ನಕ್ಕ. "ನಾಳೆ ಬೋರು ಕೊರೆಯೋನು ಜಾಗ ನೋಡೋಕೆ ಬರ್ತಾನೆ. ನಮ್ಮದು ನಮಗೆ ಆಗಿಬಿಡಲಿ."

ಬೋರು ಕೊರೆಯುವವನನ್ನು ಕರೆಸಲು ಹಟ ಹಿಡಿದವಳು ದೊಡ್ಡ ಸೊಸೆಯೇ. ಪಕ್ಕದಲ್ಲೇ ಆಳಕ್ಕೆ ಕೊರೆದರೆ ಹಳೆಯದು ಬತ್ತಬಹುದೆಂದು ಗೊತ್ತಿತ್ತು. ಬತ್ತಲಿ, ಸುರಿಯುವವರಿಗೆ ಬುದ್ಧಿ ಬರಲಿ ಎಂದುಕೊಂಡಿದ್ದಳು.

ಗೋಡೆಯ ಬುಡದ ತೂತಿನಿಂದ ನೀರು ಇತ್ತ ಹರಿದು ಬಂತು. ತಡೆಯಲು ಬಗ್ಗಿದವಳು ಹಾಗೇ ನಿಂತಳು. ನೀರು ತಿಳಿನೀಲಿಯಾಗಿತ್ತು. ವಾರಗಿತ್ತಿ ಆಸ್ಪತ್ರೆಯ ಬಿಳಿ ಹೊದಿಕೆಗಳನ್ನು ಒಗೆದು, ನೀಲಿಯಲ್ಲಿ ಅದ್ದಿ ಕೊಡುವವಳು.

ಸ್ಟೂಲು ಎಳೆದುಕೊಂಡು ಹತ್ತಿ ನೋಡಿದಳು.

"ಏನೇ, ಪೈಪು ನಲ್ಲಿಗೆ ಹಾಕಿಲ್ವಾ?"

"ನಲ್ಲಿಗೆ ಹಾಕೋಕೆ ನಮ್ಮಪ್ಪ ಕೆರೆ ಬರೆದುಕೊಟ್ಟಿದಾರಾ ಅಕ್ಕ? ಮೆಟ್ಟಿಲ ಮೇಲೆ ಟಬ್ ಇದೆ ನೋಡಿ, ಅದರಿಂದ ಬರ್ತಿದೆ. ನೀಲಿ ನೀರು ಅಂತ ಗಿಡ ಏನೂ ಬೇಜಾರು ಮಾಡ್ಕೊಂಡಿಲ್ಲ."

"ಯಾವಾಗಿಂದ ಇದು?"

"ನೀವು ಮೂರನೇ ನೀರು ಎತ್ತಿಡೋದು ಮಹಡಿಯಿಂದ ಕಾಣಿಸ್ತಲ್ಲ, ಅವತ್ತಿಂದ. ಅದಕ್ಕೂ ಮುಂಚೆ, ನಿಮ್ಮನೆ ನಲ್ಲೀನೇ ನಿಲ್ಲಲ್ಲ, ನಾನೊಬ್ಬಳು ಉಳಿಸಿ ಯಾರನ್ನ ಉದ್ಧಾರ ಮಾಡ್ಲಿ ಅಂತಿದ್ದೆ."

ತಾನೂ ಅದನ್ನೇ ಅಂದುಕೊಂಡಿದ್ದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿಗೆ ಬಂದದ್ದು ಬೇರೆ.

"ಆ ತೂತು ಮುಚ್ಚಿಸಬೇಡ. ನನ್ನ ಟೊಮೆಟೊ ಗಿಡಕ್ಕೂ ಸ್ವಲ್ಪ ಬರ್ಲಿ."

"ಹಣ್ಣಿನಲ್ಲಿ ಪಾಲು ಕೊಡ್ತೀರಾ?"

"ಹುಳಿ ಇರೋದೆಲ್ಲ ನಿನಗೇ."

ಇಬ್ಬರೂ ನಕ್ಕರು. ಸ್ಟೂಲಿನಿಂದ ಇಳಿಯುವಾಗ ದಿನವೂ ಕಾಡುವ ಮೊಣಕಾಲು ನೋಯಲಿಲ್ಲ, ಅಥವಾ ನೋವು ಅವಳ ಗಮನಕ್ಕೆ ಬರಲಿಲ್ಲ.

"ಬೋರಿನೋನು ನಾಳೆ ಎಷ್ಟು ಹೊತ್ತಿಗೆ ಬರ್ತಾನಂತೆ?" ಗಂಡ ಒಳಗಿನಿಂದ ಕೇಳಿದ.

"ಅವನ ಹತ್ರ ನಾನೇ ಮಾತಾಡ್ತೀನಿ ಬಿಡಿ," ಎಂದಳು. ಬರುವುದು ಬೇಡ ಎಂದು ಅವನಿಗೆ ಹೇಳುವವಳಿದ್ದಳು, ಅದನ್ನು ಮಾತ್ರ ಗಂಡನಿಗೆ ತಿಳಿಸಲಿಲ್ಲ.

ಒಗೆಯುವ ಟಬ್ಬನ್ನು ಹಿತ್ತಲಿನ ಮೂಲೆಯಿಂದ ಎಳೆದು ನಡುವೆ ತಂದಿಟ್ಟಳು, ಬೀದಿಯ ಎಲ್ಲ ಮಹಡಿಗಳಿಗೂ ಕಾಣುವ ಹಾಗೆ.