ಅಕ್ಕನ ಬಲಗಾಲು

ಹಳದಿಗೆ ತಿರುಗಿಬಿಟ್ಟಿದೆ, ನಿನ್ನೆ ತಿಳಿಗೆಂಪಾಗಿದ್ದ ದ್ರವ ಇವತ್ತು ಹಳದಿ, ಅಂದರೆ ಈ ಹೊಟ್ಟೆಬಾಕಗಳು ಇದ್ದಬದ್ದದ್ದನ್ನೆಲ್ಲ ತಿಂದು ತಮ್ಮ ಹುಳಿಯಲ್ಲೇ ತಾವು ಕೂತಿವೆ, ಹೊಸದು ಹಾಕಬೇಕು, ಹಾಕುತ್ತೇನೆ, ಹಾಕದೆ ಇನ್ನೇನು, ಬಟ್ಟಲಿನಲ್ಲಿ ಬೆಳೆಯುವ ಜೀವಕೋಶಗಳಿಗೆ ಭಾನುವಾರವಿಲ್ಲ, ನೆಗಡಿ ಜ್ವರವಿಲ್ಲ, ಸಾಕಿದವಳ ಅಕ್ಕನನ್ನು ಈ ಹೊತ್ತಿಗೆ ಕಾಲು ತೆಗೆಯಲು ಒಳಗೆ ಕರೆದೊಯ್ದಿದ್ದಾರೆ ಎಂಬುದು ಅವಕ್ಕೆ ಸಂಬಂಧವೇ ಇಲ್ಲ. ಕೈಗವಸು ಎಳೆದುಕೊಳ್ಳುವಾಗ ಎಡಗೈ ಹೆಬ್ಬೆರಳು ಛಳಕ್ ಎನ್ನುತ್ತದೆ, ಹನಿ ಅಳೆದು ಹಾಕುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಸವೆದ ಕೀಲು, ಊರವರ ಗಾಯ ಮಾಯಿಸೋರ ಬೆರಳೇ ಮಾಯಲ್ಲ ನೋಡಿ ಎಂದು ಲೆಕ್ಕದ ಮೇಷ್ಟ್ರು ನಗುತ್ತಾರೆ — ಮೇಷ್ಟ್ರಲ್ಲ ಅವರು, ನಮ್ಮ ಪ್ರಯೋಗಗಳ ಅಂಕಿಅಂಶ ನೋಡುವ ಸಹೋದ್ಯೋಗಿ, ಹವಾಮಾನದ ಮಾತೆತ್ತಿದರೂ ಸರಾಸರಿ ಹೇಳುವ ಮನುಷ್ಯ, ಅದಕ್ಕೇ ಆ ಹೆಸರು. ಫೋನು ನಾನು ಕೈ ತೂರಿಸಿ ಕೆಲಸ ಮಾಡುವ ಗಾಜಿನ ಪೆಟ್ಟಿಗೆಯ ಪಕ್ಕ ಸುಮ್ಮನೆ ಬಿದ್ದಿದೆ. ಮುಗಿದ ತಕ್ಷಣ ನಾನೇ ಮಾಡ್ತೀನಮ್ಮ, ನೀನು ಬೆಳಿಗ್ಗೆನೇ ಬರೋದು ಬೇಡ, ನಿನ್ನ ನೋಡಿದ್ರೆ ಅವಳ ಬಿಪಿ ಏರುತ್ತೆ, ಎಂದಿದ್ದರು ಭಾವ, ಸುತ್ತಿ ಬಳಸಿ ಹೇಳಲು ಬಾರದ ಮನುಷ್ಯ, ಹೇಳಿಯಾದ ಮೇಲೆ ತಾವೇ ಗಾಬರಿಯಾಗಿ ಕೆಮ್ಮಿದರು. ಏರಲಿ ಬಿಡಿ ಎನ್ನಬೇಕೆನಿಸಿತ್ತು, ಆಯ್ತು ಭಾವ ಎಂದೆ. ಸೂಕ್ಷ್ಮದರ್ಶಕದಡಿ ಬಟ್ಟಲು ಇಡುತ್ತೇನೆ, ಕಣ್ಣು ಒತ್ತುತ್ತೇನೆ, ಚರ್ಮದ ಕೋಶಗಳ ಹಾಸು, ಅದರ ನಡುವೆ ನಾನೇ ನಿನ್ನೆ ಪ್ಲಾಸ್ಟಿಕ್ ತುದಿಯಿಂದ ಎಳೆದ ಗೀರು, ಗೀರಿನ ಎರಡೂ ದಡ ಕರಗಿ ಒಂದಾಗಿವೆ, ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಒಡೆದು ಎರಡಾಗು ಎಂದು ಕೋಶಕ್ಕೆ ಹೇಳುವ ಪ್ರೋಟೀನು, ಬೆಳವಣಿಗೆಯ ಅಂಶ, ನನ್ನ ಅರ್ಧ ಆಯುಷ್ಯ ತಿಂದದ್ದು, ಒಂದೇ ಹನಿಗೆ ಇಷ್ಟು ಕೆಲಸ ಮಾಡುತ್ತದೆ. ನೋಡಿ ಖುಷಿಪಡಲು ಇವತ್ತು ನನ್ನಲ್ಲಿ ಕಸುವಿಲ್ಲ.

ಅಕ್ಕನಿಗೆ ಇದನ್ನು ವಿವರಿಸಿದ್ದು ಎಷ್ಟು ಸಲವೋ, ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೂಂ ಹೂಂ ಎನ್ನುತ್ತಿದ್ದಳು, ಮಷೀನು ನಿಲ್ಲಿಸುತ್ತಿರಲಿಲ್ಲ, ಬಲಗಾಲು ಪೆಡಲಿನ ಮೇಲೆ, ಎಡಗಾಲು ಯಾವಾಗಲೂ ಮಡಿಸಿ ಸ್ಟೂಲಿನ ಕೆಳಗೆ, ಅಂಗಿ ಕೊಡಲು ಬಂದ ಗಿರಾಕಿಗಳಿಗೆ ಹೇಳುವಳು ನಮ್ಮ ಕುಪ್ಪಿನೂ ನನ್ ಹಂಗೆ ದರ್ಜಿನೇ ಕಣ್ರೀ, ಗಾಯಕ್ಕೆ ಹೊಲಿಗೆ ಹಾಕ್ತಾಳೆ, ಸೂಜಿ ಬೇಡ ದಾರ ಬೇಡ. ಕುಪ್ಪಿ ಅಂದರೆ ನಾನು, ಚಿಕ್ಕಂದಿನಲ್ಲಿ ಖಾಲಿ ಔಷಧಿ ಶೀಷೆಗಳನ್ನು ಕೂಡಿಡುತ್ತಿದ್ದೆನಂತೆ, ಇಷ್ಟು ವಯಸ್ಸಾದರೂ ಆ ಹೆಸರು ಬಿಟ್ಟಿಲ್ಲ. ನನ್ನ ಮೊದಲ ಬಿಳಿ ಕೋಟು ಅವಳೇ ಹೊಲಿದದ್ದು, ನಾನು ಎಡಚಿ ಎಂದು ಎದೆಯ ಜೇಬನ್ನು ಬಲಕ್ಕೆ ಇಟ್ಟಳು, ಯಾರೂ ಕೇಳಿರಲಿಲ್ಲ ಅವಳನ್ನು. ಆಮೇಲೆ ಅವಳಿಗೆ ಸಕ್ಕರೆ ಕಾಯಿಲೆ, ಆಮೇಲೆ ಎದೆಯಲ್ಲಿ ಗಂಟು, ಅದನ್ನು ತೆಗೆಸಿದ್ದು, ತಲೆಗೂದಲು ಉದುರಿ ಮತ್ತೆ ಬಂದದ್ದು, ಬದುಕಿದೆ ಕಣೆ ಎಂದು ಮತ್ತೆ ಮಷೀನಿನ ಮುಂದೆ ಕೂತದ್ದು, ಅಷ್ಟರಲ್ಲಿ ಆ ಬಲಗಾಲಿನ ಪಾದ ಮರಗಟ್ಟಿಹೋಗಿತ್ತು, ಚಪ್ಪಲಿಯೊಳಗೆ ಒಂದು ಗುಂಡುಸೂಜಿ ಬಿದ್ದು ಅಂಗಾಲಿಗೆ ಇಳಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಸಂಜೆ ಭಾವ ನೆಲದ ಮೇಲಿನ ರಕ್ತದ ಹೆಜ್ಜೆ ನೋಡಿ ಇದ್ಯಾರದ್ದು ಅಂದರಂತೆ, ಅಕ್ಕನೂ ಯಾರದ್ದಪ್ಪಾ ಇದು ಅಂದಳಂತೆ. ಆ ತೂತು ಮಾಯಲಿಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಟ್ಟಿತು, ಅಂಚು ಬೆಳ್ಳಗೆ, ಮಂಕಾಗಿ, ಸೋಮಾರಿಯಾಗಿ, ಆ ಅಂಚಿನ ಕೋಶಗಳು ಏನು ಕೇಳಲು ಕಾಯುತ್ತಿವೆ ಎಂದು ಇಡೀ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಅವಳಿಗೂ ಅದು ಗೊತ್ತಿತ್ತು. ಕುಪ್ಪಿ, ನಿನ್ನ ಔಷಧಿ ಒಂದು ತೊಟ್ಟು ಹಾಕಿಬಿಡೆ. ಎಷ್ಟು ಸುಲಭವಾಗಿ ಕೇಳಿದಳು, ಒಂದು ಎಳೆ ದಾರ ಕೊಡೆ ಅನ್ನುವ ಹಾಗೆ. ಆಗಲ್ಲ ಅಕ್ಕ. ಯಾಕಾಗಲ್ಲ. ಅದಿನ್ನೂ ಮನುಷ್ಯರಿಗೆ ಹಾಕಿ ನೋಡಿಲ್ಲ. ನನ್ ಮೇಲೇ ಹಾಕಿ ನೋಡು. ಇಲಿಗಳಿಗೆ ಗಂಟು ಬಂದಿದೆ ಅಕ್ಕ, ಎಲ್ಲಕ್ಕೂ ಅಲ್ಲ, ಕೆಲವಕ್ಕೆ, ಗಾಯ ಮಾಯಿತು, ಆಮೇಲೆ ಬೆನ್ನ ಮೇಲೆ ಗಂಟು ಎದ್ದಿತು, ನಿನಗೆ ಒಂದು ಸಲ ಬಂದು ಹೋಗಿದೆ, ಒಳಗೆ ಎಲ್ಲೋ ಒಂದು ಕೋಶ ಮಲಗಿದ್ದರೆ, ಇದು ಅದನ್ನೂ ಎಬ್ಬಿಸುತ್ತೆ, ಗಾಯದ ಕೋಶ ಯಾವುದು ಗಂಟಿನ ಕೋಶ ಯಾವುದು ಅಂತ ಇದಕ್ಕೆ ಗುರುತು ಸಿಗಲ್ಲ. ಅವಳು ನನ್ನನ್ನೇ ನೋಡಿದಳು, ಬಾಯಿಂದ ಗುಂಡುಸೂಜಿ ತೆಗೆದಳು. ಊರ ಇಲಿಗಳ ಗಾಯ ಎಲ್ಲಾ ಮಾಯಿಸ್ತೀಯ, ಒಡಹುಟ್ಟಿದವಳ ಕಾಲು ನಿನ್ನ ಕಣ್ಣಿಗೆ ಬೀಳಲ್ಲ ಅಲ್ವಾ. ಅಷ್ಟೇ. ಅಂದಿನಿಂದ ಮಾತಿಲ್ಲ, ನಾನು ಹೋದರೆ ಮಷೀನಿನ ಸದ್ದು ಜೋರಾಗುತ್ತಿತ್ತು, ಎಡಗಾಲಿನಲ್ಲಿ ಪೆಡಲು ತುಳಿಯುವುದನ್ನು ಕಲಿತಿದ್ದಳು, ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಆ ಔಷಧಿ ಅವಳಿಗೆ ಒಯ್ದೇಬಿಟ್ಟಿದ್ದೆ, ಅಂದರೆ ಒಯ್ಯಲು ಹೊರಟಿದ್ದೆ. ಭಾವ ಫೋನಿನಲ್ಲಿ, ಬೆರಳು ಕಪ್ಪಾಗ್ತಿದೆಯಮ್ಮ, ಡಾಕ್ಟರು ಇನ್ನು ಕಾಯೋಕಾಗಲ್ಲ ಅಂತಿದ್ದಾರೆ. ಶೀತಪೆಟ್ಟಿಗೆ ತೆರೆದೆ, ಬಿಳಿ ಹೊಗೆ ಮುಖಕ್ಕೆ ಬಂತು, ಕಿರುಬೆರಳಿಗಿಂತ ಚಿಕ್ಕ ಶೀಷೆ, ಜೇಬಿಗೆ ಹಾಕಿಕೊಂಡೆ, ಕಾರಿಡಾರು, ಮೆಟ್ಟಿಲು, ಕಾವಲಿನವನಿಗೆ ಬೇಗ ಮನೆಗೆ ಹೊರಟೆ ಎಂದೆ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆ, ಜೇಬಿನಲ್ಲಿ ಅದು ಕರಗುತ್ತಿರುವುದು ತೊಡೆಗೆ ತಿಳಿಯುತ್ತಿತ್ತು, ತಣ್ಣಗೆ, ಆಮೇಲೆ ಅಷ್ಟು ತಣ್ಣಗಲ್ಲ, ಕರಗಿದ ಮೇಲೆ ಬೇಗ ಹಾಕಬೇಕು, ಹಾಕಿದರೆ ಅಂಚು ಎಚ್ಚರಗೊಳ್ಳುತ್ತದೆ, ತಿಳಿಗೆಂಪಾಗುತ್ತದೆ, ಅವಳು ನನ್ನ ಜೊತೆ ಮಾತಾಡುತ್ತಾಳೆ, ಕುಪ್ಪಿ ನೋಡೆ ಎನ್ನುತ್ತಾಳೆ, ಆಮೇಲೆ ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಕಂಕುಳಲ್ಲಿ ಏನೋ ಕೈಗೆ ತಗಲುತ್ತದೆ. ಬಸ್ಸು ಬಂತು. ಬಾಗಿಲು ತೆರೆಯಿತು, ಹತ್ತುತ್ತೀರೇನ್ರಿ ಎಂದ ಡ್ರೈವರ್, ನಾನು ಏಳಲಿಲ್ಲ, ಬಾಗಿಲು ಮುಚ್ಚಿತು. ವಾಪಸ್ ಬಂದು ಶೀಷೆಯಲ್ಲಿದ್ದದ್ದನ್ನು ಸಿಂಕಿಗೆ ಸುರಿದೆ, ನೀರು ಬಿಟ್ಟೆ. ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು, ಮೇಡಂ, ಆ ಇಲಿಗಳ ಗಂಟು ಬರೀ ಆಕಸ್ಮಿಕ ಇರಬಹುದು ಅಂತಾನೂ ನನ್ನ ಲೆಕ್ಕ ಹೇಳುತ್ತೆ, ನೂರಕ್ಕೆ ನೂರು ಅಂತ ನಾನು ಹೇಳಲಾರೆ, ಎಂದರು ಮೆಲ್ಲಗೆ. ನನಗೂ ಗೊತ್ತು ಸರ್. ಎಂಥಾ ಸುಸ್ತು ಅದು, ಸರಿಯಾದದ್ದನ್ನು ಮಾಡಿದೆನೋ ಎಂದು ಯಾವತ್ತೂ ತಿಳಿಯದಿರುವ ಸುಸ್ತು, ನಿದ್ದೆ ಮಾಡಿದರೂ ಇಳಿಯುವುದಿಲ್ಲ, ಎದ್ದು ಹಲ್ಲುಜ್ಜುವಾಗ ಅದೂ ಪಕ್ಕದಲ್ಲಿ ನಿಂತು ಹಲ್ಲುಜ್ಜುತ್ತದೆ.

ಫೋನು ಗುಂಯ್ ಎಂದಿತು, ಪಿಪೆಟ್ಟು ಕೈಯಲ್ಲಿತ್ತು, ಹೊಸ ದ್ರವ ಅರ್ಧ ಹಾಕಿಯಾಗಿತ್ತು, ಆಯ್ತಮ್ಮ ಎಂದರು ಭಾವ, ಮೊಣಕಾಲಿನ ಕೆಳಗೆ, ಮಂಡಿ ಉಳಿಸಿದ್ದಾರೆ, ಈಗ ಬಾ. ಉಳಿದರ್ಧ ಹಾಕಿ, ಬಟ್ಟಲುಗಳನ್ನು ಇನ್‌ಕ್ಯುಬೇಟರಿನ ಬೆಚ್ಚನೆಯ ಗೂಡಿಗೆ ಸೇರಿಸಿ, ಕೋಟು ತೆಗೆಯಲು ಮರೆತು ಬಂದಿದ್ದೇನೆ, ಆಸ್ಪತ್ರೆಯಲ್ಲಿ ಎಲ್ಲರೂ ನನಗೆ ದಾರಿ ಬಿಡುತ್ತಾರೆ, ಡಾಕ್ಟರೆಂದು ತಿಳಿದು ಒಬ್ಬ ಮುದುಕಿ ಎದ್ದು ನಿಲ್ಲುತ್ತಾಳೆ, ಕೂತ್ಕೊಳ್ಳಿ ಅಮ್ಮ, ನಾನು ಯಾರೂ ಅಲ್ಲ. ಕೋಣೆಯ ಹೊರಗೆ ಭಾವ, ಅವರ ಕೈಯಲ್ಲಿ ಅವಳ ಚಪ್ಪಲಿಗಳು, ಎರಡೂ, ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡಿದ್ದಾರೆ, ಒಳಗೆ ಹೋಗು, ಎಚ್ಚರ ಆಗ್ತಿದೆ, ಏನಾದ್ರೂ ಅಂದ್ರೆ ಮನಸಿಗೆ ಹಚ್ಕೋಬೇಡ. ಒಳಗೆ ಕಿಟಕಿಯ ಬಿಸಿಲು, ಹಾಸಿಗೆ, ಬಿಳಿ ಹೊದಿಕೆ, ಹೊದಿಕೆಯ ಕೆಳಗೆ ಎಡಗಡೆ ಒಂದು ಪಾದದ ಗುಡ್ಡ, ಬಲಗಡೆ ಮಂಡಿಯಿಂದಾಚೆ ಹೊದಿಕೆ ಸಪಾಟಾಗಿ ಹಾಸಿಗೆಗೆ ಅಂಟಿದೆ, ನೋಡಬಾರದು ಅಂದುಕೊಂಡೆ, ಅದನ್ನೇ ನೋಡಿದೆ. ಅಕ್ಕನ ಕಣ್ಣು ಅರ್ಧ ತೆರೆದಿದೆ, ತುಟಿ ಒಣಗಿದೆ, ನಾನು ಹತ್ತಿರ ಹೋದೆ, ಬೈಯಲಿ, ಮುಖ ತಿರುಗಿಸಲಿ, ಎರಡಕ್ಕೂ ಸಿದ್ಧವಾಗಿಯೇ ಬಂದಿದ್ದೆ. ಬಂದ್ಯಾ, ಎಂದಳು. ಬಂದೆ ಅಕ್ಕ. ಬಲಗಾಲು ತುರಿಸ್ತಿದೆ ಕಣೆ, ಕಿರುಬೆರಳ ಸಂದೀಲಿ, ಪ್ರಾಣ ಹೋಗ್ತಿದೆ, ಸ್ವಲ್ಪ ಕೆರಿಯೆ. ಎಷ್ಟೋ ವರ್ಷದಿಂದ ಏನೂ ತಿಳಿಯದಿದ್ದ ಪಾದ, ಸೂಜಿ ಇಳಿದರೂ ಸುಮ್ಮನಿದ್ದದ್ದು, ಈಗ, ಇದಕ್ಕೆ ವೈದ್ಯಕೀಯದಲ್ಲಿ ಹೆಸರಿದೆ, ನರ ಇನ್ನೂ ಮಾತಾಡುತ್ತಿರುತ್ತದೆ ಅಕ್ಕ, ಅದು ಅಲ್ಲಿಲ್ಲ ಅಕ್ಕ — ಹೇಳುವುದಿಲ್ಲ, ಸ್ಟೂಲು ಎಳೆದುಕೊಂಡು ಕೂರುತ್ತೇನೆ, ಕೈ ಚಾಚುತ್ತೇನೆ, ಸಪಾಟು ಹೊದಿಕೆಯ ಮೇಲೆ ಉಗುರು ಆಡಿಸುತ್ತೇನೆ, ಪರಪರ ಎನ್ನುತ್ತದೆ ಬಟ್ಟೆ, ಇನ್ನೂ ಕೆಳಗೆ ಕಣೆ, ಇಲ್ಲಾ, ಅಲ್ಲಲ್ಲ, ಅಂಚಿಗೆ ಬಾ, ಬರುತ್ತೇನೆ, ಹಾಸಿಗೆಯ ಕೊನೆಯ ತನಕ ಬರುತ್ತೇನೆ, ಹಾಂ, ಅಲ್ಲೇ, ಅಲ್ಲೇ, ನಿಲ್ಲಿಸ್ಬೇಡ, ಅವಳ ಕಣ್ಣು ಮುಚ್ಚುತ್ತದೆ, ಹುಬ್ಬು ಸಡಿಲುತ್ತದೆ, ಬಿಳಿ ಹೊದಿಕೆ, ಅದರ ಕೆಳಗೆ ಏನೂ ಇಲ್ಲ, ಅದರ ಮೇಲೆ ನನ್ನ ಐದು ಉಗುರು, ಏನೂ ಇಲ್ಲ, ಪರಪರ, ಬಿಳಿ ಹೊದಿಕೆ, ನನ್ನ ಉಗುರು, ಅಲ್ಲೇ —