ಐದು ನಾಮಫಲಕ

ಕಾನೂನು ಕಾಲೇಜಿನ ಅಟೆಂಡರ್ ಬೆಳಿಗ್ಗೆಯಿಂದ ಸ್ಕ್ರೂಡ್ರೈವರ್ ಹಿಡಿದು ಬಾಗಿಲಿಂದ ಬಾಗಿಲಿಗೆ ತಿರುಗುತ್ತಿದ್ದ. ಐದು ಬಾಗಿಲಿಗೆ ಐದು ಹೊಸ ನಾಮಫಲಕ. ತೂತುಗಳು ಹಳೆಯವೇ ಇದ್ದುದರಿಂದ ಕೆಲಸ ಬೇಗ ಮುಗಿಯಿತು. ಆ ದಿನ ಐವರು ಹೊಸ ಅಧ್ಯಾಪಕರು ಸೇರುವವರಿದ್ದರು.

ಐವರಲ್ಲಿ ಹೆಂಗಸು ಒಬ್ಬಳೇ. ಸಾಕ್ಷ್ಯ ಕಾನೂನು ಕಲಿಸಲು ಬಂದವಳು. ವಕೀಲರೊಬ್ಬರ ಕಚೇರಿಯಲ್ಲಿ ಕಡತ ಹೊತ್ತು, ಸಂಜೆ ಮನೆಪಾಠ ಹೇಳಿ, ವರ್ಷಗಟ್ಟಲೆ ಕಾದ ಮೇಲೆ ಸಿಕ್ಕ ಕೆಲಸ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಅವಳೂ ಅಮ್ಮನೂ ಇದ್ದರು. ಕೆಲಸ ಕಾಯಂ ಆದರೆ ಬೇರೆ ಮನೆ ಮಾಡುವುದೆಂದು ಮಾತಾಗಿತ್ತು. ಆ ದಿನಕ್ಕಾಗಿ ಅತ್ತಿಗೆಯೂ ಅಷ್ಟೇ ಆಸೆಯಿಂದ ಕಾಯುತ್ತಿದ್ದಳು. ಹೊರಡುವಾಗ ಅಮ್ಮ ಮಗಳ ಬಟ್ಟೆಯ ಸುಕ್ಕನ್ನು ಕೈಯಲ್ಲೇ ಸವರಿ, "ಇನ್ಮೇಲೆ ಯಾರ ಬಾಗಿಲೂ ಕಾಯೋದು ಬೇಡ ಬಿಡು" ಎಂದಿದ್ದಳು.

ಸ್ವಾಗತಕ್ಕೆ ಹೂಗುಚ್ಛ ಒಂದೇ ಇತ್ತು. ಒಬ್ಬರು ಹಿಡಿದು ಫೋಟೊ ತೆಗೆಸಿಕೊಂಡು ಇನ್ನೊಬ್ಬರ ಕೈಗೆ ದಾಟಿಸಿದರು. ಅವಳ ಪಕ್ಕದಲ್ಲಿ ಕೋರ್ಟಿನ ಎದುರು ಅಂಗಡಿ ಇಟ್ಟಿದ್ದ ನೋಟರಿ ನಿಂತಿದ್ದರು. ಆಸ್ತಿ ಕಾನೂನಿನ ಹೊಸ ಅಧ್ಯಾಪಕರು ಅವರು.

"ನಾನಿಲ್ಲಿ ಸೇರೋದು ಇದೇ ಮೊದಲಲ್ಲಮ್ಮ" ಎಂದರು, ಹೂವನ್ನು ಅವಳಿಗೆ ಕೊಡುತ್ತ. "ಕಾಲೇಜಿನ ತಪಾಸಣೆ ಹತ್ರ ಬಂದಾಗಲೆಲ್ಲ ಸೇರ್ತೀನಿ. ಪ್ರತಿ ಸಲಾನೂ ಹೊಸಬನೇ."

ತಮಾಷೆಯೆಂದು ಅವಳು ನಕ್ಕಳು. ಮರುದಿನ ಬಂದು ನೋಡಿದರೆ ಅವಳ ಬಾಗಿಲು ಬಿಟ್ಟು ಉಳಿದ ನಾಲ್ಕಕ್ಕೂ ಬೀಗ. ಅದರ ಮರುದಿನವೂ ಹಾಗೆಯೇ.

ಜೋಡಿ ಎತ್ತಿನ ಗಾಡಿಗೆ ಒಂಟಿ ಎತ್ತು ಕಟ್ಟಿದಂತಾಯಿತು ಅವಳ ಪಾಡು. ತನ್ನ ವಿಷಯವನ್ನಂತೂ ಚೆನ್ನಾಗಿ ಕಲಿಸೋಣವೆಂದು ಹೊರಟಳು. ಮೆಟ್ಟಿಲು ರಿಪೇರಿಯಲ್ಲಿ ಕಿತ್ತುಹಾಕಿದ್ದ ಮರದ ಕಟಾಂಜನ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ತರಗತಿಗೆ ಎಳೆಸಿ ಕಟಕಟೆ ಮಾಡಿದಳು. ಶನಿವಾರ ಶನಿವಾರ ಒಬ್ಬರು ಅದರೊಳಗೆ ಸಾಕ್ಷಿಯಾಗಿ ನಿಲ್ಲಬೇಕು, ಉಳಿದವರು ಪಾಟೀಸವಾಲು ಹಾಕಬೇಕು. ಕಟಕಟೆಯಲ್ಲಿ ನಿಂತವರು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕೆಂಬುದೊಂದೇ ನಿಯಮ.

ಪ್ರಶ್ನೆ ಕೇಳುವುದರಲ್ಲಿ ಒಬ್ಬ ಹುಡುಗಿ ಮುಂದು. ಹಿಂದಕ್ಕೂ ಮುಂದಕ್ಕೂ ಎಳೆದು ಕೊಯ್ಯುತ್ತಾಳೆಂದು ಹುಡುಗರು ಅವಳಿಗೆ 'ಗರಗಸ' ಎಂದೇ ಹೆಸರಿಟ್ಟಿದ್ದರು. ಒಂದು ಶನಿವಾರ, ದಿನವೂ ತಡವಾಗಿ ಬರುವವನೊಬ್ಬ ಸಾಕ್ಷಿಯಾಗಿ ನಿಂತ.

"ಬಸ್ಸು ಕೆಟ್ಟೋಗಿತ್ತು" ಎಂದ.

"ಕೆಟ್ಟಿದ್ದನ್ನ ನೀನು ನೋಡಿದ್ಯಾ?"

"ಜನ ಅಂತಿದ್ರು."

"ಜನ ಬಿಡು. ನೀನು ಎಲ್ಲಿದ್ದೆ ಆಗ?"

"...ಹಾಸಿಗೇಲಿ."

ತರಗತಿ ನಕ್ಕಿತು. ನಗು ನಿಂತ ಮೇಲೆ ಗರಗಸ ಇತ್ತ ತಿರುಗಿ, "ಮೇಡಂ, ಆಸ್ತಿ ಕಾನೂನಿನ ಸರ್ ಯಾವಾಗ ಬರ್ತಾರೆ? ಹೋದ ವರ್ಷ ಅದ್ರಲ್ಲೇ ಅರ್ಧ ಕ್ಲಾಸ್ ಫೇಲು. ಪಾಠಾನೇ ಆಗ್ಲಿಲ್ಲ" ಎಂದಳು.

"ಕೇಳಿ ಹೇಳ್ತೀನಿ" ಎಂದಳು ಮೇಡಂ.

ಪ್ರಾಂಶುಪಾಲರು ಕೆಟ್ಟವರಲ್ಲ. ದಣಿದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: "ಇಲ್ಲಿಗೆ ಯಾರು ಬರ್ತಾರಮ್ಮ? ಆಡಳಿತ ಮಂಡಳಿಯವರು ಒಬ್ಬರಿಗೆ ಸಂಬಳ ಕೊಡ್ತಾರೆ, ಐದು ಜನಾನ ತೋರಿಸು ಅಂತಾರೆ. ತೋರಿಸದಿದ್ರೆ ಮಾನ್ಯತೆ ಹೋಗುತ್ತೆ. ಈ ಮಕ್ಕಳೆಲ್ಲ ಬೀದಿಗೆ ಬೀಳ್ತಾರೆ. ಆಗ ನಿಮ್ಮ ನ್ಯಾಯ ಯಾರಿಗೆ ಬೇಕು?"

"ಮತ್ತೆ ಪಾಠ ಯಾರು ಮಾಡೋದು ಸರ್?"

"ನೀವಿದೀರಲ್ಲ. ಆದಷ್ಟು ಮಾಡಿ. ತಪಾಸಣೆ ಒಂದು ಸಾಂಗವಾಗಿ ಮುಗೀಲಿ, ನಿಮ್ಮದನ್ನ ಕಾಯಂ ಮಾಡಿಸೋ ಜವಾಬ್ದಾರಿ ನಂದು."

ತಪಾಸಣೆಯ ದಿನ ನಾಲ್ಕೂ ಬೀಗ ತೆರೆದವು. ಕುರ್ಚಿಗಳ ಧೂಳು ಹೋಯಿತು. ನೋಟರಿ ದಪ್ಪ ಪುಸ್ತಕವೊಂದನ್ನು ತೆರೆದಿಟ್ಟು ಗಂಭೀರವಾಗಿ ಕೂತಿದ್ದರು. ತಪಾಸಣೆಗೆ ಬಂದ ಹಿರಿಯರು ಅವಳ ತರಗತಿಗೂ ಬಂದರು. ಕಟಕಟೆಯನ್ನು ಬೆರಳಿಂದ ಮುಟ್ಟಿ, ಪರವಾಗಿಲ್ಲವೆಂಬಂತೆ ತಲೆಯಾಡಿಸಿದರು.

"ಆಸ್ತಿ ಕಾನೂನಿನವರು ದಿನಾ ಬರ್ತಾರೇನಮ್ಮ?"

ಇಡೀ ತರಗತಿ ಅವಳ ಮುಖ ನೋಡಿತು. ಹಿಂದಿನ ಕೋಣೆಯ ಗೋಡೆಗೆ ಮುಖಮಾಡಿ ಮಲಗುವ ಅಮ್ಮ ಅವಳ ಕಣ್ಣೆದುರು ಬಂದಳು.

"ಬರ್ತಾರೆ ಸರ್."

"ನೀವೇ ನೋಡಿದೀರಾ?"

"ನೋಡಿದೀನಿ."

ಅವರು ಹೊರಟುಹೋದರು. ಗರಗಸ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿದಳು.

ವಾರದೊಳಗೆ ಮಾನ್ಯತೆ ಸಿಕ್ಕಿತು. ಕಾಯಂ ಆಗುವ ಸುದ್ದಿ ಕೇಳಿ ಅತ್ತಿಗೆ ಎಂದೂ ಇಲ್ಲದೆ ಅವಳ ತಟ್ಟೆಗೆ ತಾನೇ ಬಡಿಸಿದಳು. ಅಮ್ಮ ಯಾವ ಬೀದಿಯಲ್ಲಿ ಮನೆ ಹಿಡಿಯಬೇಕೆಂದು ಲೆಕ್ಕ ಹಾಕುತ್ತಿದ್ದಳು. ಮಗಳು ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದಳು.

ಶನಿವಾರ ಬಂತು. ಹೊರಗೆ ಓಣಿಯಲ್ಲಿ ಅಟೆಂಡರ್ ಮೇಡಂ ಹೆಸರಿನದೊಂದನ್ನು ಬಿಟ್ಟು ಉಳಿದ ನಾಲ್ಕು ನಾಮಫಲಕ ಬಿಚ್ಚುತ್ತಿದ್ದ. ಮುಂದಿನ ತಪಾಸಣೆಯವರೆಗೆ ಅವು ಸ್ಟೋರ್ ರೂಮಿಗೆ ಹೋಗಬೇಕು. ಮೇಡಂ ತರಗತಿಗೆ ಬಂದವಳು ಪುಸ್ತಕ ಮೇಜಿನ ಮೇಲಿಟ್ಟು ತಾನೇ ಕಟಕಟೆಯೊಳಗೆ ಹೋಗಿ ನಿಂತಳು.

"ಇವತ್ತು ಸಾಕ್ಷಿ ನಾನು. ಕೇಳಿ."

ಯಾರೂ ಏಳಲಿಲ್ಲ.

"ಕೇಳೋಕೇನಿದೆ ಮೇಡಂ" ಎಂದಳು ಗರಗಸ, ತಲೆ ಎತ್ತದೆ.

"ಇದೆ. ನಿನಗೇ ಗೊತ್ತು."

ಹುಡುಗಿ ನಿಧಾನವಾಗಿ ಎದ್ದಳು. "ಆವತ್ತು ತಪಾಸಣೆಯವರ ಹತ್ರ ನೀವು ಹೇಳಿದ್ದು ಕಂಡದ್ದಾ?"

"ಅಲ್ಲ."

"ಆ ಸರ್ ಪಾಠ ಮಾಡಿದ್ದನ್ನ ಯಾವತ್ತಾದ್ರೂ ನೋಡಿದೀರಾ?"

"ಒಂದು ದಿನಾನೂ ಇಲ್ಲ."

"ಮತ್ಯಾಕೆ ಹಾಗಂದ್ರಿ?"

"ಕೆಲಸ ಬೇಕಿತ್ತು."

ತಡವಾಗಿ ಬರುವ ಹುಡುಗ ಹಿಂದಿನಿಂದ, "ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಎಂದ. ಯಾರೂ ನಗಲಿಲ್ಲ. ಪ್ರಾಂಶುಪಾಲರು ಬಾಗಿಲಲ್ಲಿ ಬಂದು ನಿಂತಿದ್ದರು. ಗರಗಸ ಅವರನ್ನು ನೋಡಿದಳು. ಆದರೂ ಕೂರಲಿಲ್ಲ.

"ಈಗ ಹೇಳಿದ್ದನ್ನ ತಪಾಸಣೆಯವರ ಮುಂದೂ ಹೇಳ್ತೀರಾ?"

ಮೇಡಂ ಕಟಾಂಜನವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹೇಳ್ತೀನಿ. ಸೋಮವಾರಾನೇ ಹೋಗಿ ಹೇಳ್ತೀನಿ."

ಪ್ರಾಂಶುಪಾಲರು ರೇಗಲಿಲ್ಲ. "ಹೇಳಿ ಏನಾಗುತ್ತಮ್ಮ?" ಎಂದರು, ಕಾಯಿಲೆಯವರನ್ನು ಮಾತಾಡಿಸುವ ಧ್ವನಿಯಲ್ಲಿ. "ಅವರಿಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಅವರು ಓಣಿಯತ್ತ ತಿರುಗಿ, "ಐದನೇದನ್ನೂ ಬಿಚ್ಚಪ್ಪ" ಎಂದು ಅಟೆಂಡರನಿಗೆ ಹೇಳಿ ನಡೆದರು.

ಪಕ್ಕದ ಅವಳ ಕೋಣೆಯ ಬಾಗಿಲಲ್ಲಿ ಸ್ಕ್ರೂ ತಿರುಗುವ ಸದ್ದು ಕೇಳತೊಡಗಿತು. ತೂತು ಸವೆದಿದ್ದರಿಂದ ಅದು ಸಲೀಸಾಗಿ ಬರುತ್ತಿತ್ತು. ಮೇಡಂ ಕಟಕಟೆಯಿಂದ ಇಳಿಯಲಿಲ್ಲ.

"ನಿನ್ನ ಪ್ರಶ್ನೆ ಮುಗೀತಾ?" ಎಂದು ಹುಡುಗಿಯನ್ನು ಕೇಳಿದಳು.

"ಇಲ್ಲ ಮೇಡಂ."

"ಹಾಗಾದ್ರೆ ಕೇಳು."