ತೊಟ್ಟಿ ಹೆಣ್ಣು, ಜಾಲರಿ ಗಂಡು

೧೯೫೯ರ ಬೇಸಿಗೆಯಲ್ಲಿ ಶಿಡ್ಲಘಟ್ಟದ ರೇಷ್ಮೆ ಸಹಕಾರ ಸಂಘಕ್ಕೆ ಇಟಲಿಯಿಂದ ನೂಲು ತೆಗೆಯುವ ಯಂತ್ರವೊಂದು ಬಂತು. ಮೂರು ವಾರವಾದರೂ ಅದರಲ್ಲಿ ನೂಲಿನ ಒಂದು ಒಳ್ಳೆಯ ಲಡಿ ಇಳಿಯಲಿಲ್ಲ. ಬೆಳಿಗ್ಗೆ ಸರಿಯಾಗಿ ಬರುತ್ತಿದ್ದ ಎಳೆ ಹತ್ತು ಗಂಟೆಯ ಹೊತ್ತಿಗೆ ಮಂಕಾಗಿ, ಅಂಟಂಟಾಗಿ, ಪಟಪಟನೆ ಹರಿಯುತ್ತಿತ್ತು.

ಕಾರಣ ರೇಷ್ಮೆಗೂಡು ನೆನೆಯುವ ಬಿಸಿನೀರಿನ ತೊಟ್ಟಿಯ ಮುಂದೆ ಕೂರುವ ಹೆಂಗಸರಿಗೆ ಮೊದಲ ದಿನವೇ ಗೊತ್ತಾಗಿತ್ತು. “ನೀರು ಗಂಜಿ ಆಗೋಗೈತೆ ಸಾರ್. ಚೆಲ್ಲಿ ಬೇರೆ ತುಂಬಣ,” ಎಂದು ಮುನಿಗಂಗಮ್ಮ ದಿನವೂ ಹೇಳುತ್ತಿದ್ದಳು. ಮೇಲ್ವಿಚಾರಕ ನರಸಿಂಹಪ್ಪ ಕೇಳುತ್ತಿರಲಿಲ್ಲ. ಯಂತ್ರದ ಜೊತೆ ಬಂದ ಪುಸ್ತಕವನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು, ಅದರಲ್ಲಿದ್ದ ಇಂಗ್ಲಿಷನ್ನು ಬಾಯಿಪಾಠ ಮಾಡಿಕೊಂಡಿದ್ದ. “ಎರಡು ಗಂಟೆಗೊಂದ್ಸಲ ತೊಟ್ಟಿಯಿಂದ ಜಾಲರಿ ತೆಗೆದು ಅದನ್ನ ತೊಳೀಬೇಕು. ಬರೆದಿರೋದು ಅಷ್ಟೇ. ನೀರು ಮುಟ್ಟಂಗಿಲ್ಲ.”

ಕೊನೆಗೆ ಬೆಂಗಳೂರಿನಿಂದ ಇಂಜಿನಿಯರ್ ಚಲಪತಿ ಬಂದರು. ಬೆಳಿಗ್ಗೆಯೆಲ್ಲ ನಿಂತು ನೋಡಿ, ಪುಸ್ತಕ ತರಿಸಿ, ಸ್ಟೂಲಿನ ಮೇಲೆ ಬಿಚ್ಚಿಟ್ಟು ನಿಟ್ಟುಸಿರು ಬಿಟ್ಟರು. “ಪುಸ್ತಕದ ಪ್ರಕಾರವೇ ಮಾಡ್ತಿದ್ದೀರಿ. ಹಂಗಾದ್ರೆ ತಪ್ಪು ಕೈಯಲ್ಲೇ ಇರಬೇಕು. ಈ ಹೆಂಗಸರಿಗೆ ಇದು ಒಗ್ಗಲ್ಲ, ಯಂತ್ರ ವಾಪಸ್ ಕಳಿಸಿಬಿಡಿ.”

ಕೊನೆಯ ತೊಟ್ಟಿಯ ಮುಂದೆ ಕೂತಿದ್ದ ಅನಸೂಯಮ್ಮ ಕೈ ಒರೆಸಿಕೊಂಡು ಎದ್ದಳು. ಪುಟದ ಬಲಗಡೆ ಇಂಗ್ಲಿಷ್ ಇತ್ತು. ಎಡಗಡೆ ಇದ್ದದ್ದು ಇಟಾಲಿಯನ್. ಆ ಭಾಷೆಯ ಬರಹ ನೋಡಿ ಅವಳಿಗೆ ಎಂಟು ವರ್ಷವಾಗಿತ್ತು.

ಅವಳಿಗೆ ಹನ್ನೆರಡು ತುಂಬಿದಾಗ ಅವಳಪ್ಪ ಬಯ್ಯಪ್ಪ, ಊಟಕ್ಕೂ ಓದಿಗೂ ಆದೀತೆಂದು, ಅವಳನ್ನು ಬೆಂಗಳೂರಿನ ಇಟಾಲಿಯನ್ ಸನ್ಯಾಸಿನಿಯರ ಮಠದಲ್ಲಿ ಬಿಟ್ಟಿದ್ದ. ಅಲ್ಲಿ ಸಿಸ್ಟರ್ ಕ್ಲೆಮೆಂಟಿನಾ ಎಂಬ ಮುದುಕಿಗೆ ಕಣ್ಣಿನ ಪೊರೆ. ಊರಿನಿಂದ ಬಂದ ಕಾಗದಗಳನ್ನು ಓದಿಸಿಕೊಳ್ಳಲೆಂದೇ ಆಕೆ ಹುಡುಗಿಗೆ ತನ್ನ ಭಾಷೆ ಕಲಿಸಿದಳು. ಒಮ್ಮೆ ಊರಿನಲ್ಲಿ ಆಕೆಯ ಅಕ್ಕ, ಅಣ್ಣ ಇಬ್ಬರೂ ಕಾಯಿಲೆ ಬಿದ್ದಿದ್ದರು. ಬಂದ ಕಾಗದದಲ್ಲಿ ‘ಗುಣವಾಯಿತು’ ಎಂದಷ್ಟೇ ಇತ್ತು, ಯಾರಿಗೆ ಎಂದಿರಲಿಲ್ಲ. ಅನಸೂಯಮ್ಮ ಪದದ ತುದಿಯನ್ನು ನುಂಗಿ ಓದಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದುಕೊಂಡಳು. “ಗ್ವಾರಿತೊ ಅಂತಿದೆಯೋ, ಗ್ವಾರಿತಾ ಅಂತಿದೆಯೋ? ಸರಿಯಾಗಿ ನೋಡು ಮಗು!” ‘ಗ್ವಾರಿತಾ’ ಎಂದಿತ್ತು, ಹೆಂಗಸರಿಗೆ ಹೇಳುವ ರೂಪ. ಗುಣವಾದದ್ದು ಅಕ್ಕನಿಗೆ. ಅಂದಿನಿಂದ ಅನಸೂಯಮ್ಮ ಆ ಭಾಷೆಯ ಒಂದು ಪದದ ತುದಿಯನ್ನೂ ಬಿಟ್ಟವಳಲ್ಲ.

ಈಗ ಅವಳು ಎಡಗಡೆಯ ಸಾಲಿನ ಮೇಲೆ ಬೆರಳಿಟ್ಟಳು. “ಸಾರ್, ಇಂಗ್ಲಿಷ್‌ನಲ್ಲಿ ತಪ್ಪು ಓದ್ಕೊಂಡಿದೀರಿ.”

“ಏನಮ್ಮ, ಇದನ್ನ ಓದಕ್ಕೆ ಬರುತ್ತಾ ನಿಂಗೆ?”

“ಬರುತ್ತೆ ಸಾರ್.” ಒಂದು ಗಳಿಗೆ ಯೋಚಿಸಿ ಕೇಳಿದಳು. “ಮನೇಲಿ ತೆಲುಗು ಮಾತಾಡ್ತೀರಾ?”

“ಹೂಂ.”

“ತೆಲುಗಲ್ಲಿ ಮಗಳು ಬಂದ್ರೂ ವಚ್ಚಿಂದಿ, ಬಸ್ಸು ಬಂದ್ರೂ ವಚ್ಚಿಂದಿ. ಕನ್ನಡದಲ್ಲಿ ಮಗಳು ಬಂದ್ಲು, ಬಸ್ಸು ಬಂತು. ಒಂದೊಂದು ಭಾಷೆ ಒಂದೊಂದು ಥರ ಬೇರೆ ಮಾಡುತ್ತೆ. ಇವ್ರ ಭಾಷೇಲಿ ಸಾಮಾನಿಗೂ ಗಂಡು ಹೆಣ್ಣು ಉಂಟು. ಇದರ ಅಕ್ಕತಂಗೀರು ಫ್ರೆಂಚು, ಸ್ಪ್ಯಾನಿಷಲ್ಲೂ ಹಂಗೇ ಅಂತೆ. ಜಾಲರಿ, ಫಿಲ್ತ್ರೊ, ಗಂಡು. ತೊಟ್ಟಿ, ವಾಸ್ಕಾ, ಹೆಣ್ಣು. ಜಾಲರಿ ತೊಳೀರಿ ಅನ್ನೋದಾದ್ರೆ ‘ಲವಾತೆಲೊ’ ಅಂತ ಬರೀತಿದ್ರು. ಇಲ್ಲಿ ನೋಡಿ, ‘ಲವಾತೆಲಾ’. ಅವಳನ್ನ ತೊಳೀರಿ. ತೊಳೀಬೇಕಾಗಿರೋದು ತೊಟ್ಟೀನ.”

ಚಲಪತಿ ಬಲಗಡೆಯ ಇಂಗ್ಲಿಷನ್ನು ಮತ್ತೆ ಓದಿದರು. ‘ಇಟ್’ ಎಂದಿತ್ತು. ಅದು ಜಾಲರಿಯೂ ಆಗಬಹುದು, ತೊಟ್ಟಿಯೂ ಆಗಬಹುದು.

“ನಮ್ಮ ‘ಅದನ್ನ’ ಅನ್ನೋದೂ ಹಂಗೇ ಅಲ್ವಾ,” ಎಂದು ಗೊಣಗಿಕೊಂಡರು.

“ಹಂಗೇ ಸಾರ್. ಅದಕ್ಕೇ ಯಾರಿಗೂ ಅನುಮಾನ ಬರ್ಲಿಲ್ಲ.”

ಹೆಂಗಸರು ಅಪ್ಪಣೆಗೆ ಕಾಯಲಿಲ್ಲ. ಮುನಿಗಂಗಮ್ಮ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ತೂಬಿನ ಬಿರಡೆ ಎಳೆದಳು. ಕಂದು ನೀರು ಭರ್ರನೆ ಮೋರಿಗೆ ಹೋಯಿತು. ಎಂಟು ತೊಟ್ಟಿಗಳನ್ನೂ ಉಜ್ಜಿ, ಬಿಸಿನೀರು ತುಂಬಿ, ಗೂಡು ಹಾಕಿದರು. ಮತ್ತೆರಡು ಗಂಟೆಯಾದ ಮೇಲೆ ಇನ್ನೊಮ್ಮೆ ತೊಳೆದರು. ಸಂಜೆ ನಾಲ್ಕಾದರೂ ಎಳೆ ಹರಿಯಲಿಲ್ಲ. ರಾಟೆಯ ಮೇಲೆ ಹಳದಿ ರೇಷ್ಮೆ ಬೆಣ್ಣೆಯಂತೆ ಹೊಳೆಯುತ್ತಿತ್ತು.

“ಕೈ ಒಗ್ಗಲ್ಲ ಅಂದ್ರಲ್ಲ ಸಾರ್?” ಎಂದು ಮುನಿಗಂಗಮ್ಮ ಗಟ್ಟಿಯಾಗಿಯೇ ಕೇಳಿದಳು. ಶೆಡ್ಡಿನ ತುಂಬ ನಗೆ ಹಬ್ಬಿತು. ಚಲಪತಿಯೂ ನಕ್ಕರು. “ತಪ್ಪಾಯ್ತು ತಾಯಿ,” ಎಂದವರು ಅನಸೂಯಮ್ಮನ ಕಡೆ ತಿರುಗಿದರು. ಬೆಳಿಗ್ಗೆಯ ಏಕವಚನ ಈಗ ಇರಲಿಲ್ಲ. “ನೀವು ಈ ಪುಸ್ತಕ ಪೂರ್ತಿ ಕನ್ನಡಕ್ಕೆ ಬರೆದುಕೊಡಬೇಕು. ಆ ಇಂಗ್ಲಿಷಿಂದ ಬೇಡ. ಎಡಗಡೆಯಿಂದ.”

ನರಸಿಂಹಪ್ಪ ತಾನಾಗಿಯೇ ಕುರ್ಚಿ ತಂದಿಟ್ಟ. ಅವಳು ಕೂತಳು.

ಎರಡು ತಿಂಗಳಲ್ಲಿ ಬರೆದು ಮುಗಿಸಿದಳು. ‘ಅದನ್ನು’ ಎಂದು ಬರೆಯಬಹುದಾದ ಕಡೆಯಲ್ಲೆಲ್ಲ ತೊಟ್ಟಿಯನ್ನು, ಜಾಲರಿಯನ್ನು, ರಾಟೆಯನ್ನು ಎಂದು ಹೆಸರು ಹಿಡಿದೇ ಬರೆದಳು. ಮರುವರ್ಷ ಚಿಂತಾಮಣಿಯಲ್ಲೂ ಗೌರಿಬಿದನೂರಿನಲ್ಲೂ ಅಂಥವೇ ಯಂತ್ರಗಳು ಬಂದವು. ಬೆಂಗಳೂರಿನಲ್ಲಿ ಅಚ್ಚಾದ ಪುಸ್ತಕದ ಕಟ್ಟು ಹಿಡಿದು ಅನಸೂಯಮ್ಮ ಚಿಂತಾಮಣಿಯ ಬಸ್ಸು ಹತ್ತಿದಳು, ಅಲ್ಲಿನ ಮೂವತ್ತು ಹೆಂಗಸರಿಗೆ ಕೆಲಸ ಕಲಿಸಲು.